ಹಳೆಯ ನಾಲ್ಕು ಸಿಲಿಂಡರ್ ಹೋಂಡಾಕ್ಕೆ ಯಾವ ಸೈಲೆನ್ಸರ್: ನಾಲ್ಕು ಇರಲೋ, ಒಂದಕ್ಕೆ ಇಳಿಸಲೋ?

ಕೆಎ 17 ಹಳೇಗಾಡಿ (ದಾವಣಗೆರೆ):

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 1972ರ ಹೋಂಡಾ ಸಿಬಿ 500 ಫೋರ್ ಇದೆ. ಎಂಜಿನ್ ಕೆಲಸ ಮುಗಿದಿದೆ, ಆರ್‌ಸಿ ಸರಿಯಾಗಿದೆ, ಉಳಿದಿರುವುದು ಸೈಲೆನ್ಸರಿನ ಪ್ರಶ್ನೆಯೊಂದೇ. ಕಂಪನಿಯಿಂದ ಬಂದಾಗಿನ ನಾಲ್ಕು ಬೆಂಡ್ ಪೈಪು (ಎಂಜಿನ್ನಿನಿಂದ ಸೈಲೆನ್ಸರಿಗೆ ಬರುವ ಬಾಗಿದ ಪೈಪು), ನಾಲ್ಕು ಸೈಲೆನ್ಸರು ಇನ್ನೂ ಗಾಡಿಯ ಮೇಲೇ ಇವೆ. ಮೇಲಿನ ಎರಡು ಸೈಲೆನ್ಸರುಗಳ ಕ್ರೋಮ್‌ನಲ್ಲಿ ಇವತ್ತಿಗೂ ಮುಖ ನೋಡಿಕೊಳ್ಳಬಹುದು. ಕೆಳಗಿನ ಎರಡರ ಹೊಟ್ಟೆಯ ಭಾಗ ತುಕ್ಕು ತಿಂದಿದ್ದು, ಎಡಗಡೆಯದರಲ್ಲಿ ಬೆರಳು ತೂರುವಷ್ಟು ತೂತು ಬಿದ್ದಿದೆ.

ನನ್ನ ಮುಂದಿರುವ ದಾರಿಗಳು ಮೂರು. ಹೊರದೇಶದಿಂದ ಮೂಲ ಮಾದರಿಯಂತೆಯೇ ಮಾಡಿದ ನಾಲ್ಕು ಹೊಸ ಸೈಲೆನ್ಸರ್ ತರಿಸುವುದು ಒಂದು; ಅದಕ್ಕೆ ಸಾಗಣೆ, ಸುಂಕ, ತೆರಿಗೆ ಎಲ್ಲ ಸೇರಿದರೆ ಮೊತ್ತ ಗಾಬರಿ ಹುಟ್ಟಿಸುತ್ತದೆ. ನಾಲ್ಕು ಪೈಪು ಕೂಡಿ ಒಂದಾಗುವ ಸಿದ್ಧ ಸೆಟ್ ಕೊಳ್ಳುವುದು ಇನ್ನೊಂದು. ಅದನ್ನೇ ಇಲ್ಲಿ ಮಾಡಿಸಿಕೊಳ್ಳುವುದು ಮೂರನೆಯದು. ಗಾಡಿಯ ಬಳಕೆ ಹೆಚ್ಚಿಲ್ಲ. ಭಾನುವಾರ ಬೆಳಿಗ್ಗೆ ಹೆದ್ದಾರಿಯಲ್ಲಿ ಚಿತ್ರದುರ್ಗದವರೆಗೆ ಹೋಗಿಬರುವುದು, ಆಗೀಗ ಪಿ.ಬಿ. ರಸ್ತೆಯಲ್ಲಿ ಒಂದು ಸುತ್ತು. ಶಬ್ದಕ್ಕಾಗಿ ನಾನು ಈ ಗಾಡಿ ತೆಗೆದುಕೊಂಡವನಲ್ಲ. ಹಾಗಂತ ಪಿಕಪ್ ಕಳೆದುಕೊಳ್ಳುವುದಕ್ಕೂ ಮನಸ್ಸಿಲ್ಲ. ಅನುಭವಸ್ಥರು ತಿಳಿಸಬೇಕು.

ಹರಿಹರದ ಟರ್ನರ್:

ಮೂರು ದಾರಿಗಳ ಜೊತೆಗೆ ನಾಲ್ಕನೆಯದೊಂದಿದೆ, ಅದನ್ನು ತಾವು ಬರೆದೇ ಇಲ್ಲ: ಇರುವುದನ್ನು ರಿಪೇರಿ ಮಾಡುವುದು. ಕೆಳಗಿನ ಸೈಲೆನ್ಸರುಗಳೇ ಮೊದಲು ಕೊಳೆಯುವುದಕ್ಕೆ ಕಾರಣವಿದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಆವಿಯಾಗಿ ಹೊರಬರುತ್ತದೆ. ಗಾಡಿ ದೂರ ಓಡಿದರೆ ಪೈಪು ಪೂರ್ತಿ ಕಾದು ಆ ಆವಿ ಹೊರಗೆ ಹೋಗುತ್ತದೆ. ಶೆಡ್ಡಿನಲ್ಲಿ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸಿದರೆ ಒಳಗೇ ನೀರಾಗಿ ತಗ್ಗಿನಲ್ಲಿ ನಿಲ್ಲುತ್ತದೆ. ಕ್ರೋಮ್ ಲೇಪನ ಇರುವುದು ಹೊರಮೈಗೆ ಮಾತ್ರ, ಒಳಗಿರುವುದು ಬರಿಯ ಕಬ್ಬಿಣದ ತಗಡು. ಆದ್ದರಿಂದ ಹಳೆಯ ಗಾಡಿಯನ್ನು ವಾರಕ್ಕೊಮ್ಮೆ ನಿಂತಲ್ಲೇ ಸ್ಟಾರ್ಟ್ ಮಾಡಿಡಬೇಕು ಎಂಬ ಉಪದೇಶವೇ ಎಷ್ಟೋ ಸೈಲೆನ್ಸರುಗಳನ್ನು ತಿಂದಿದೆ.

ನಾಲ್ಕನ್ನೂ ಬಿಚ್ಚಿ, ಮರದ ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಠಣ್ ಎನ್ನುತ್ತದೆ, ಕೊಳೆತ ಜಾಗ ದಪ್ಪ್ ಎನ್ನುತ್ತದೆ. ಅಲ್ಲಾಡಿಸಿದಾಗ ಒಳಗೆ ಗಲಗಲ ಸದ್ದು ಬಂದರೆ ಬ್ಯಾಫಲ್ (ಶಬ್ದ ತಗ್ಗಿಸುವ ಒಳಭಾಗ) ಕಳಚಿದೆ ಎಂದರ್ಥ. ಹೊರತಗಡು ಮಾತ್ರ ಹೋಗಿದ್ದರೆ ಹೊಟ್ಟೆಯ ಭಾಗವನ್ನು ಉದ್ದಕ್ಕೆ ಸೀಳಿ, ಕೊಳೆತದ್ದನ್ನು ಕತ್ತರಿಸಿ ತೆಗೆದು, ಅದೇ ದುಂಡಿಗೆ ಬಗ್ಗಿಸಿದ ಹೊಸ ತಗಡು ಕೂರಿಸಬಹುದು. ಫೋಟೋ ಹಾಕಿದರೆ ಇನ್ನಷ್ಟು ಹೇಳಬಲ್ಲೆ.

ದುರ್ಗದ ಸವಾರ:

ಟರ್ನರ್ ಅವರ ಕೈಚಳಕದ ಬಗ್ಗೆ ನನಗೆ ಗೌರವವಿದೆ, ಆದರೆ ನನ್ನ ಮತ ನಾಲ್ಕು ಕೂಡಿ ಒಂದಾಗುವ ಪೈಪಿಗೇ. 1969ರಲ್ಲಿ ಸಿಬಿ 750 ಬಂದಾಗ ನಾಲ್ಕು ಸೈಲೆನ್ಸರ್ ಹಾಕಿದ್ದು, ಇದು ನಾಲ್ಕು ಸಿಲಿಂಡರಿನ ಗಾಡಿ ಎಂದು ಹಿಂದಿನಿಂದ ನೋಡಿದವರಿಗೂ ತಿಳಿಯಲಿ ಎಂಬ ಠೀವಿಗೆ. ಓಟದವರು ಅದನ್ನು ಒಂದು ದಿನವೂ ಒಪ್ಪಲಿಲ್ಲ. ಪಾಪ್ಸ್ ಎಂದೇ ಹೆಸರಾದ ಜಪಾನಿನ ರೇಸ್ ಎಂಜಿನ್ ತಜ್ಞ ಹಿದೆಯೋ ಯೋಶಿಮುರಾ 1970ರ ದಶಕದ ಆರಂಭದಲ್ಲೇ ಅದೇ ಸಿಬಿ 750ಗೆ ನಾಲ್ಕು ಪೈಪನ್ನು ಒಂದಕ್ಕೆ ಸೇರಿಸಿ ಓಡಿಸಿದರು. ಕಡೆಗೆ ಹೋಂಡಾ ಕಂಪನಿಯೇ 1975ರ ಸಿಬಿ 400 ಎಫ್‌ಗೆ, ನಾಲ್ಕು ಪೈಪುಗಳೂ ಬಲಕ್ಕೆ ವಾಲಿ ಒಂದಾಗುವ ಆ ಚೆಂದದ ವ್ಯವಸ್ಥೆಯನ್ನು ಕಾರ್ಖಾನೆಯಲ್ಲೇ ಕೂರಿಸಿತು. ಸಿಬಿ 550 ಮತ್ತು 750ರ ಎಫ್ ಮಾದರಿಗಳಿಗೂ ಹಾಗೆಯೇ ಮಾಡಿತು. ತಯಾರಿಸಿದವರೇ ಬದಲಾಯಿಸಿದ ಮೇಲೆ ನಾವು ಹಳೆಯದಕ್ಕೆ ಜೋತುಬೀಳುವುದು ಏಕೆ?

ಇನ್ನು ತೂಕ. ನಾಲ್ಕು ಸೈಲೆನ್ಸರ್ ಬಿಚ್ಚಿ ಒಂದೊಂದಾಗಿ ಕೈಯಲ್ಲಿ ಎತ್ತಿ ನೋಡಿದವರಿಗೆ ವಾದ ಬೇಕಾಗುವುದಿಲ್ಲ. ಎಡಗಡೆ ಖಾಲಿಯಾದರೆ ಚೈನ್ ಬಿಗಿ ಮಾಡುವುದು, ಹಿಂದಿನ ಚಕ್ರ ಬಿಚ್ಚುವುದು ಎಲ್ಲ ಸಲೀಸು.

ವಿದ್ಯಾನಗರದ ಮೇಷ್ಟ್ರು (ದಾವಣಗೆರೆ):

ಸವಾರರು ಹೇಳಿದ ಇತಿಹಾಸ ಸರಿ, ಆದರೆ ಅದರಿಂದ ಅವರು ತೆಗೆದ ತೀರ್ಮಾನ ಅರ್ಧ ಮಾತ್ರ ಸರಿ. ನಾಲ್ಕನ್ನು ಒಂದಕ್ಕೆ ಸೇರಿಸಿದ್ದರಿಂದ ಲಾಭ ಏಕೆ ಬರುತ್ತದೆ ಎಂಬುದನ್ನು ನೋಡಿದರೆ, ಯಾವಾಗ ಬರುವುದಿಲ್ಲ ಎಂಬುದೂ ತಿಳಿಯುತ್ತದೆ.

ಎಕ್ಸಾಸ್ಟ್ ವಾಲ್ವ್ ತೆರೆದಾಗ ಹೊರಡುವುದು ಹೊಗೆ ಮಾತ್ರವಲ್ಲ, ಒತ್ತಡದ ಒಂದು ಅಲೆಯೂ ಹೊರಡುತ್ತದೆ. ಆ ಅಲೆ ಪೈಪಿನ ತೆರೆದ ತುದಿಗೋ ನಾಲ್ಕು ಪೈಪು ಸೇರುವ ಕೂಡುಗಂಟಿಗೋ ತಲುಪಿ ಹಿಂತಿರುಗುವಾಗ, ಒತ್ತುವ ಅಲೆಯಾಗಿ ಹೋದದ್ದು ಸೆಳೆಯುವ ಅಲೆಯಾಗಿ ಬರುತ್ತದೆ. ಇನ್‌ಲೆಟ್ ಮತ್ತು ಎಕ್ಸಾಸ್ಟ್ ವಾಲ್ವ್ ಎರಡೂ ಸ್ವಲ್ಪ ಹೊತ್ತು ಒಟ್ಟಿಗೆ ತೆರೆದಿರುವ ಗಳಿಗೆಗೆ ಸರಿಯಾಗಿ ಅದು ವಾಲ್ವಿನ ಬಳಿ ಬಂದರೆ, ಉಳಿದ ಹೊಗೆಯನ್ನು ಎಳೆದುಕೊಂಡು ಹೊಸ ಗಾಳಿಗೆ ಜಾಗ ಮಾಡಿಕೊಡುತ್ತದೆ. ಹೊತ್ತು ತಪ್ಪಿ ಬಂದರೆ, ಅಥವಾ ಸೆಳೆಯುವ ಬದಲು ಒತ್ತುವ ಅಲೆಯೇ ಬಂದರೆ, ಹೊಗೆಯನ್ನು ವಾಪಸ್ಸು ಸಿಲಿಂಡರಿಗೆ ನೂಕುತ್ತದೆ. ಪೈಪು ಉದ್ದವಾದಷ್ಟೂ ಅಲೆ ತಡವಾಗಿ ಬರುತ್ತದೆ, ಹಾಗಾಗಿ ಕಡಿಮೆ ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಅನುಕೂಲ. ಗಿಡ್ಡವಾದಷ್ಟೂ ಹೆಚ್ಚು ಆರ್‌ಪಿಎಂನಲ್ಲಿ. ಒಂದೇ ಉದ್ದ ಎಲ್ಲ ವೇಗಕ್ಕೂ ಒಗ್ಗುವುದಿಲ್ಲ.

ಸಿಲಿಂಡರುಗಳನ್ನು ಎಡದಿಂದ ಎಣಿಸಿದರೆ ಈ ಎಂಜಿನ್ನಿನಲ್ಲಿ ಸಿಡಿತದ ಕ್ರಮ 1-2-4-3. ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಅರ್ಧ ಸುತ್ತಿಗೊಮ್ಮೆ, ಅಂದರೆ 180 ಡಿಗ್ರಿಗೊಂದು ಸಿಡಿತ. ನಾಲ್ಕನ್ನೂ ಒಂದೇ ಕಡೆ ಸೇರಿಸಿದರೆ ಸಿಡಿತಗಳು ಸಮ ಅಂತರದಲ್ಲಿ ಬಂದು ಒಂದು ಇನ್ನೊಂದಕ್ಕೆ ಎಳೆತ ಕೊಡುತ್ತವೆ. ಎಡದ ಎರಡನ್ನು ಎಡಕ್ಕೆ, ಬಲದ ಎರಡನ್ನು ಬಲಕ್ಕೆ ಸೇರಿಸಿದರೆ ಪ್ರತಿ ಕಡೆಯಲ್ಲೂ ಮೊದಲ ಸಿಡಿತದಿಂದ ಎರಡನೆಯದಕ್ಕೆ 180 ಡಿಗ್ರಿ, ಅಲ್ಲಿಂದ ಮತ್ತೆ ಮೊದಲನೆಯದಕ್ಕೆ 540 ಡಿಗ್ರಿ ಅಂತರವಾಗುತ್ತದೆ. ಎರಡು ಸೈಲೆನ್ಸರಿನ ಹಳೆಯ ನಾಲ್ಕು ಸಿಲಿಂಡರ್ ಗಾಡಿಗಳ ಒರಟು ದನಿಗೆ ಈ ಅಸಮ ಅಂತರವೂ ಒಂದು ಕಾರಣ. ಹರಿವಿನ ದೃಷ್ಟಿಯಿಂದ ಎರಡಕ್ಕೆ ಇಳಿಸುವುದೇ ಆದರೆ 1 ಮತ್ತು 4ನ್ನು ಒಂದು ಜೋಡಿ, 2 ಮತ್ತು 3ನ್ನು ಇನ್ನೊಂದು ಜೋಡಿ ಮಾಡಬೇಕು. ಆಗ ಪ್ರತಿ ಜೋಡಿಯಲ್ಲೂ 360 ಡಿಗ್ರಿಯ ಸಮ ಅಂತರ ಸಿಗುತ್ತದೆ.

ಈಗ ನಮ್ಮ ಪೇಟೆಯಲ್ಲಿ ಸಿಗುವ ಅಗ್ಗದ ಸೆಟ್ಟುಗಳ ವಿಷಯ. ಪೈಪುಗಳ ಉದ್ದ ಒಂದಕ್ಕೊಂದು ಹೊಂದುವುದಿಲ್ಲ, ಒಳಗೆ ಬ್ಯಾಫಲ್ ಎಂಬ ಹೆಸರಿಗೆ ತೂತಿನ ಕೊಳವೆಯೊಂದಿರುತ್ತದೆ, ಕೆಲವರು ಅದನ್ನೂ ಕಿತ್ತು ಬಿಸಾಡುತ್ತಾರೆ. ಹೀಗೆ ಬಯಲಾದ ಪೈಪಿನಲ್ಲಿ ನಾಲ್ಕರಿಂದ ಐದು ಸಾವಿರ ಆರ್‌ಪಿಎಂ ಆಸುಪಾಸಿನಲ್ಲಿ ಎಂಜಿನ್ ಮುಗ್ಗರಿಸಿದಂತಾಗುತ್ತದೆ. ಅಲ್ಲಿ ಅಲೆ ತಪ್ಪಾದ ಹೊತ್ತಿಗೆ ಹಿಂತಿರುಗುತ್ತಿರುತ್ತದೆ. ಮೇಲಿನ ವೇಗದಲ್ಲಿ ಮತ್ತೆ ಎದ್ದೇಳುತ್ತದೆ, ಶಬ್ದವೂ ಏರುತ್ತದೆ, ಸವಾರನಿಗೆ ಪವರ್ ಬಂತು ಅನ್ನಿಸುತ್ತದೆ. ಆದರೆ ಹೆದ್ದಾರಿಯಲ್ಲಿ ನಾವು ಗಾಡಿಯನ್ನು ಇಡುವುದೇ ಆ ನಾಲ್ಕೈದು ಸಾವಿರದಲ್ಲಿ.

ಇನ್ನೊಂದು ಮಾತು. ಮೈಸೂರಿನ ಜಾವಾ, ಯೆಜ್ಡಿಗಳನ್ನು ಓಡಿಸಿ ಬೆಳೆದ ನಮ್ಮ ಕಡೆಯ ಜನಕ್ಕೆ ಸೈಲೆನ್ಸರ್ ಎಂದರೆ ಕಾಸ್ಟಿಕ್ ಸೋಡಾದಲ್ಲಿ ನೆನೆಹಾಕಿ ಮಸಿ ಬಿಡಿಸುವುದು, ಬ್ಯಾಫಲ್ ಮುಂದೆ ಹಿಂದೆ ಮಾಡಿ ಪಿಕಪ್ ನೋಡುವುದು ಎಂಬ ರೂಢಿ ಕೂತುಬಿಟ್ಟಿದೆ. ಟೂ ಸ್ಟ್ರೋಕ್ ಗಾಡಿಗೆ ಅದು ನ್ಯಾಯ, ಅಲ್ಲಿ ಪೆಟ್ರೋಲಿನ ಜೊತೆ ಆಯಿಲೂ ಉರಿಯುತ್ತದೆ. ಆರೋಗ್ಯವಾಗಿರುವ ಫೋರ್ ಸ್ಟ್ರೋಕ್ ಎಂಜಿನ್ನಿನ ಸೈಲೆನ್ಸರಿನಲ್ಲಿ ಅಷ್ಟು ಮಸಿ ಕಟ್ಟುವುದಿಲ್ಲ. ಕಟ್ಟಿದ್ದರೆ ನೋಡಬೇಕಾದ್ದು ಪಿಸ್ಟನ್ ರಿಂಗ್, ವಾಲ್ವ್ ಗೈಡ್ ಸೀಲ್‌ಗಳನ್ನು.

ಹೊಳಲ್ಕೆರೆಯವನು:

ಹಂಪ್ಸ್‌ಗಳ ಬಗ್ಗೆ ಯಾರೂ ಮಾತಾಡಲಿಲ್ಲ. ನಾಲ್ಕು ಪೈಪು ಸೇರುವ ಗಂಟು ಎಂಜಿನ್ನಿನ ಅಡಿಯಲ್ಲೇ ಬರುತ್ತದೆ. ಹೆದ್ದಾರಿ ಬಿಟ್ಟು ಹಳ್ಳಿಯ ದಾರಿಗೆ ಇಳಿದರೆ ಶಾಲೆಗೊಂದು, ಗುಡಿಗೊಂದು, ಗೌಡರ ಮನೆಗೊಂದು ಎಂದು ಕಟ್ಟಿರುವ ಉಬ್ಬುಗಳ ಮೇಲೆ ಇಬ್ಬರು ಕೂತ ಗಾಡಿ ದಾಟುವಾಗ ಮೊದಲು ತಗಲುವುದು ಆ ಗಂಟೇ. ಕೊಳ್ಳುವ ಮೊದಲು ಸವಾರನನ್ನು ಕೂರಿಸಿ ನೆಲದಿಂದ ಎತ್ತರ ಅಳೆಯಿರಿ.

ಇದೇ ಗಾಡಿಗೆ ಆಯಿಲ್ ಫಿಲ್ಟರ್ ಎಂಜಿನ್ನಿನ ಮುಂಭಾಗದಲ್ಲಿದೆ. ಕೆಲವು ಸೆಟ್ಟುಗಳಲ್ಲಿ ಪೈಪುಗಳು ಫಿಲ್ಟರಿನ ಬೋಗುಣಿಗೆ ಅಡ್ಡ ಬಂದು, ಆಯಿಲ್ ಬದಲಿಸುವಾಗಲೆಲ್ಲ ಇಡೀ ಎಕ್ಸಾಸ್ಟ್ ಬಿಚ್ಚಬೇಕಾಗುತ್ತದೆ. ಹಲವು ಹಳೆಯ ಹೋಂಡಾಗಳಲ್ಲಿ ನಡುಸ್ಟ್ಯಾಂಡ್ ಮಡಚಿದಾಗ ಬಂದು ತಾಗುವ ರಬ್ಬರ್ ಎಡ ಸೈಲೆನ್ಸರಿನ ಮೇಲೇ ಇರುತ್ತದೆ. ಅದನ್ನು ತೆಗೆದರೆ ಸ್ಟ್ಯಾಂಡ್ ಮೇಲಕ್ಕೆ ಹೋಗಿ ಚೈನಿಗೆ ಉಜ್ಜುತ್ತದೆ, ಬೇರೆ ತಡೆ ಮಾಡಿಸಲೇಬೇಕು.

ಕೆಎ 17 ಹಳೇಗಾಡಿ:

ಉಪಕಾರವಾಯಿತು. ಮೇಷ್ಟ್ರಲ್ಲಿ ಇನ್ನೊಂದು ಪ್ರಶ್ನೆ. ಪೈಪು ಬದಲಿಸಿದರೆ ಕಾರ್ಬ್ಯುರೇಟರ್ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ತುಂಡು) ಬದಲಿಸಲೇಬೇಕೆಂದು ಒಬ್ಬರು, ಬೇಡವೆಂದು ಇನ್ನೊಬ್ಬರು ಹೇಳುತ್ತಾರೆ. ಈಗಿನ ಎಥನಾಲ್ ಪೆಟ್ರೋಲಿನ ಗೊಂದಲ ಬೇರೆ.

ವಿದ್ಯಾನಗರದ ಮೇಷ್ಟ್ರು:

ಮೊದಲು ಎಥನಾಲ್ ಲೆಕ್ಕ ಮುಗಿಸೋಣ, ಏಕೆಂದರೆ ಪೈಪು ಬದಲಿಸದಿದ್ದರೂ ಅದು ತಪ್ಪಿದ್ದಲ್ಲ. ಬರಿಯ ಪೆಟ್ರೋಲಿನ ಒಂದು ಭಾಗಕ್ಕೆ ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ಶೇಕಡಾ 20 ಎಥನಾಲ್ ಬೆರೆತಾಗ ಅದು 13.5ರ ಆಸುಪಾಸಿಗೆ ಇಳಿಯುತ್ತದೆ, ಅಂದರೆ ಅಷ್ಟೇ ಗಾಳಿಗೆ ಇಂಧನ ಸುಮಾರು ಶೇಕಡಾ 9ರಷ್ಟು ಹೆಚ್ಚು ಬೇಕು. ಹೊಸ ಗಾಡಿಯ ಕಂಪ್ಯೂಟರ್ ಅದನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ, 1972ರ ಕೈಹಿನ್ ಕಾರ್ಬ್ಯುರೇಟರಿಗೆ ಆ ಬುದ್ಧಿ ಇಲ್ಲ. ಜೆಟ್ ಮೇಲಿನ 100 ಎಂಬ ಸಂಖ್ಯೆ ತೂತಿನ ವ್ಯಾಸ 1.00 ಮಿಲಿಮೀಟರ್ ಎಂದು ಹೇಳುತ್ತದೆ. ಹರಿವು ತೂತಿನ ವಿಸ್ತೀರ್ಣಕ್ಕೆ ತಕ್ಕಂತೆ ಏರುವುದರಿಂದ, ವ್ಯಾಸ ಶೇಕಡಾ 4.5 ಹೆಚ್ಚಿದರೆ ಹರಿವು ಸುಮಾರು ಶೇಕಡಾ 9 ಹೆಚ್ಚುತ್ತದೆ. ಅಂದರೆ 100 ಇದ್ದಲ್ಲಿ ಸುಮಾರು 105. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಗಾಳಿ ತುಸು ತೆಳು, ಆ ಕಾರಣದಿಂದ ಮಿಶ್ರಣ ತಾನಾಗಿಯೇ ಸ್ವಲ್ಪ ಗಟ್ಟಿಯಾಗುತ್ತದೆ (ಪೆಟ್ರೋಲಿನ ಪಾಲು ಹೆಚ್ಚುತ್ತದೆ). ಹಾಗಾಗಿ ಮೂಲ ಸೈಲೆನ್ಸರ್ ಇದ್ದರೆ 102 ಹಾಕಿ ನೋಡಿ, ಸಾಲದಿದ್ದರೆ 105ಕ್ಕೆ ಹೋಗಿ. (ನಮ್ಮ ಜಿಲ್ಲೆಯ ಮೆಕ್ಕೆಜೋಳವೂ ಈಗ ಎಥನಾಲ್ ಆಗುತ್ತಿರುವುದರಿಂದ ರೈತರ ಮಕ್ಕಳಾದ ನಾವು ಇದನ್ನು ಹೆಚ್ಚು ಬೈಯುವಂತೆಯೂ ಇಲ್ಲ.)

ಬಯಲು ಪೈಪು ಹಾಕಿದರೆ ಇದರ ಮೇಲೆ ಇನ್ನೂ ಒಂದೆರಡು ಅಳತೆ ಏರಿಸಬೇಕಾಗಬಹುದು. ಏರ್ ಫಿಲ್ಟರ್ ಡಬ್ಬಿ ತೆಗೆದು ನಾಲ್ಕು ಬಿಡಿ ಫಿಲ್ಟರ್ ಹಾಕಿದವರಂತೂ ಎಲ್ಲವನ್ನೂ ಮೊದಲಿನಿಂದ ಹೊಂದಿಸಬೇಕು. ಆ ಕೆಲಸಕ್ಕೆ ಕೈಹಾಕಬೇಡಿ ಎಂದೇ ಹೇಳುತ್ತೇನೆ. ಯಾವುದೇ ಬದಲಾವಣೆಯ ನಂತರ ನಾಲ್ಕು ಕಾರ್ಬ್ಯುರೇಟರುಗಳನ್ನು ವ್ಯಾಕ್ಯೂಮ್ ಗೇಜ್ ಹಾಕಿ ಒಂದೇ ಸಮಕ್ಕೆ ತರಬೇಕು. ಮಿಶ್ರಣ ತೆಳುವಾಗಿದ್ದರೆ ಬೆಂಡ್ ಪೈಪು ಬೇಗ ನೀಲಿಗಟ್ಟುತ್ತದೆ. ಆ ಕಾಲದ ಹೋಂಡಾ ಬೆಂಡ್ ಪೈಪುಗಳು ಒಳಗೊಂದು ಹೊರಗೊಂದು ಎಂದು ಎರಡು ಪದರದವು, ನೀಲಿಗಟ್ಟುವುದನ್ನು ತಡೆಯುವುದಕ್ಕೇ ಹಾಗೆ ಮಾಡಿದ್ದರು. ಹೊರಗೆ ಕೊಳ್ಳುವ ಒಂದು ಪದರದ ಪೈಪು ಜೆಟ್ ಸರಿಯಿದ್ದರೂ ಒಂದಿಷ್ಟು ಬಣ್ಣ ತಿರುಗಿಯೇ ತಿರುಗುತ್ತದೆ.

ಪಿ.ಬಿ. ರಸ್ತೆ:

ಕಾನೂನಿನ ಮಾತೂ ಇರಲಿ. ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನ ಪ್ರಕಾರ ಶಬ್ದದ ಮಿತಿ ಮೀರಿದ ಗಾಡಿಯನ್ನು ರಸ್ತೆಯಲ್ಲಿ ಓಡಿಸಿದರೆ, 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಸೆರೆವಾಸ, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಮೂರು ತಿಂಗಳು ಲೈಸೆನ್ಸೂ ಹೋಗುತ್ತದೆ. ಕಿತ್ತ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸುವ ದೃಶ್ಯವನ್ನು ನಮ್ಮ ರಾಜ್ಯದ ಹಲವು ಊರುಗಳಲ್ಲಿ ನೋಡಿದ್ದೇವೆ. ಇದು 1972ರ ಅಪರೂಪದ ಪೈಪು ಎಂದು ಅಲ್ಲಿ ನಿಂತು ವಿವರಿಸಲು ಆಗುವುದಿಲ್ಲ.

50 ವರ್ಷ ದಾಟಿದ ಗಾಡಿಗೆ 2021ರ ನಿಯಮದಡಿ ವಿಂಟೇಜ್ ನೋಂದಣಿಗೂ ಅವಕಾಶವಿದೆ, ಸಂಖ್ಯೆಯಲ್ಲಿ ವಿಎ ಎಂಬ ಅಕ್ಷರ ಬರುತ್ತದೆ. ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿಸ್, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಟು ಇರಬಾರದು ಎಂಬುದು ಷರತ್ತು. ಸೈಲೆನ್ಸರಿನ ಹೆಸರು ಅಲ್ಲಿ ಬಿಡಿಯಾಗಿ ಬರದಿದ್ದರೂ, ತಪಾಸಣೆಗೆ ನಿಂತಾಗ ಮೊದಲು ಕಣ್ಣಿಗೆ ಬೀಳುವುದು ಅದೇ. ಆ ನೋಂದಣಿಯ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ ಎಂಬುದನ್ನೂ ತಿಳಿದು ಮುಂದುವರಿಯಿರಿ.

ದುರ್ಗದ ಸವಾರ:

ಬ್ಯಾಫಲ್ ಸರಿಯಿರುವ ಒಳ್ಳೆಯ ಸೆಟ್ ಹಾಕಿದರೆ ಈ ಯಾವ ಭಯವೂ ಇಲ್ಲ. ಅಗ್ಗದ ಮಾಲಿನ ದೋಷವನ್ನು ಇಡೀ ವ್ಯವಸ್ಥೆಯ ತಲೆಗೆ ಕಟ್ಟಬಾರದು. ಪೇಟೆಯಲ್ಲಿ ಒಳ್ಳೆಯದು ಸಿಗದಿದ್ದರೆ ಹರಿಹರದಲ್ಲೇ ಮಾಡಿಸಬಹುದಲ್ಲ?

ಹರಿಹರದ ಟರ್ನರ್:

ಮಾಡಬಹುದು. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿ ವರ್ಷಗಳಾದರೂ, ಅಲ್ಲಿ ಲೇತ್ ಯಂತ್ರಗಳನ್ನೇ ತಯಾರಿಸುತ್ತಿದ್ದ ಕೈಗಳ ಕಸುಬು ಈ ಊರಿನಿಂದ ಪೂರ್ತಿ ಹೋಗಿಲ್ಲ. ಎಂಜಿನ್ನಿನ ಹೆಡ್ಡಿಗೆ ಕೂರುವ ಫ್ಲ್ಯಾಂಜ್ (ಪೈಪನ್ನು ಹಿಡಿಯುವ ಬಳೆ), ಎರಡು ಹೋಳಿನ ಕಾಲರ್ ಇವನ್ನೆಲ್ಲ ಕರಾರುವಾಕ್ಕಾಗಿ ತಿರುವಿ ಕೊಡುವವರಿದ್ದಾರೆ. ಕಷ್ಟವಿರುವುದು ಬೆಂಡಿನಲ್ಲಿ. ಪೈಪಿನ ಒಳಗೆ ಮ್ಯಾಂಡ್ರೆಲ್ (ಒಳಗಿನಿಂದ ಆಧಾರ ಕೊಡುವ ಅಚ್ಚು) ಇಟ್ಟು ಬಗ್ಗಿಸಿದರೆ ಒಳವ್ಯಾಸ ಉಳಿಯುತ್ತದೆ, ಬರಿ ಪ್ರೆಸ್ಸಿನಲ್ಲಿ ಬಗ್ಗಿಸಿದರೆ ತಿರುವಿನಲ್ಲಿ ಚಪ್ಪಟೆಯಾಗುತ್ತದೆ. ಬೆಂಗಳೂರಿನಿಂದ ಸಿದ್ಧ ಮ್ಯಾಂಡ್ರೆಲ್ ಬೆಂಡುಗಳನ್ನು ತರಿಸಿ ತುಂಡು ತುಂಡಾಗಿ ಜೋಡಿಸುವುದೇ ಸರಿಯಾದ ಕ್ರಮ. ಆಮೇಲೆ ಕೂಡುಗಂಟು. ನಾಲ್ಕು ಪೈಪುಗಳ ತುದಿಯನ್ನು ಚೌಕವಾಗಿ ಒತ್ತಿಟ್ಟಾಗ ನಟ್ಟನಡುವೆ ನಾಲ್ಕು ಮೂಲೆಯ ಸಣ್ಣ ಸಂದು ಉಳಿಯುತ್ತದೆ. ಹೆಚ್ಚಿನವರು ಅದಕ್ಕೆ ಚಪ್ಪಟೆ ತಗಡು ಬಡಿದು ವೆಲ್ಡ್ ಮಾಡಿಬಿಡುತ್ತಾರೆ, ಆಗ ಹೊಗೆ ಆ ಗೋಡೆಯ ಅಂಚಿನಲ್ಲಿ ಸುಳಿ ಕಟ್ಟುತ್ತದೆ. ಅಲ್ಲಿ ಹರಿವಿನ ಕಡೆಗೆ ಮೊನೆಯಾಗಿ ಹೋಗುವ ಗೋಪುರದಂಥ ತುಂಡು ಕೂರಿಸಬೇಕು. ಚೌಕವನ್ನು ಸುತ್ತಿಬರುವಾಗ ಪೈಪುಗಳು 1, 2, 4, 3 ಎಂಬ ಸಿಡಿತದ ಕ್ರಮದಲ್ಲೇ ಇರಬೇಕು. ಸ್ಟೇನ್‌ಲೆಸ್ ಆದರೆ 304 ದರ್ಜೆ, ಟಿಗ್ ವೆಲ್ಡಿಂಗ್, ಪೈಪಿನ ಒಳಗೂ ಆರ್ಗಾನ್ ಅನಿಲ ಹಾಯಿಸಬೇಕು. ಇಲ್ಲದಿದ್ದರೆ ಒಳಮೈಯಲ್ಲಿ ಬೆಸುಗೆ ಹೂಕೋಸಿನಂತೆ ಉಬ್ಬಿ ನಿಲ್ಲುತ್ತದೆ.

ಇಷ್ಟೆಲ್ಲ ಮಾಡಿಸುವ ಖರ್ಚಿನಲ್ಲಿ ಎರಡು ಸೈಲೆನ್ಸರುಗಳ ಹೊಟ್ಟೆ ಬದಲಿಸಿ ಕ್ರೋಮ್ ಮಾಡಿಸಿದ ಮೇಲೂ ದುಡ್ಡು ಮಿಗುತ್ತದೆ. ಮೂಲ ಬೆಂಡ್ ಪೈಪು ಗಟ್ಟಿಯಿರುವಾಗ ಅದನ್ನು ಅಟ್ಟಕ್ಕೆ ಹಾಕಿ ಹೊಸದು ಮಾಡಿಸಲು ನಾನಂತೂ ಹೇಳಲಾರೆ, ಕೂಲಿ ನನಗೇ ಬರುವುದಾದರೂ.

ಕೆಎ 17 ಹಳೇಗಾಡಿ:

ಮೊನ್ನೆ ನಾಲ್ಕನ್ನೂ ಬಿಚ್ಚಿ ತಟ್ಟಿ ನೋಡಿದೆ. ಮೇಲಿನ ಎರಡು ಠಣ್ ಎನ್ನುತ್ತವೆ. ಕೆಳಗಿನ ಎರಡರಲ್ಲಿ ಹೊಟ್ಟೆಯ ತಗಡು ಮಾತ್ರ ಹೋಗಿದೆ, ಬ್ಯಾಫಲ್ ಅಲ್ಲಾಡುತ್ತಿಲ್ಲ. ಆದ್ದರಿಂದ ರಿಪೇರಿಗೇ ಕೊಡುತ್ತೇನೆ. ಸವಾರರು ಬೇಸರ ಮಾಡಿಕೊಳ್ಳಬಾರದು. ಮರಳಿ ಕೂರಿಸುವಾಗ ಗಮನಿಸಬೇಕಾದದ್ದೇನು?

ದುರ್ಗದ ಸವಾರ:

ಬೇಸರವೇನಿಲ್ಲ. ಜೋಗಿಮಟ್ಟಿಯ ಏರಿನಲ್ಲಿ ನಿಮ್ಮ ನಾಲ್ಕು, ನನ್ನ ಒಂದು, ಎರಡನ್ನೂ ಹತ್ತಿಸಿ ನೋಡೋಣ.

ಹರಿಹರದ ಟರ್ನರ್:

ಹೆಡ್ಡಿನಲ್ಲಿರುವ 6 ಮಿ.ಮೀ. ಸ್ಟಡ್‌ಗಳನ್ನು ಎರಡು ದಿನ ಮೊದಲೇ ತುಕ್ಕು ಬಿಡಿಸುವ ಎಣ್ಣೆಯಲ್ಲಿ ನೆನೆಸಿ, ತಿರುಚು ಎಳೆಗಳನ್ನು ಶುಚಿಮಾಡಿ. ಅಲ್ಯೂಮಿನಿಯಂ ಹೆಡ್ಡಿನೊಳಗೆ ಒಂದು ಸ್ಟಡ್ ಮುರಿದರೆ ಸೈಲೆನ್ಸರಿಗಿಂತ ದೊಡ್ಡ ಕೆಲಸವಾಗುತ್ತದೆ. ಹಳೆಯ ತಾಮ್ರದ ಪ್ಯಾಕಿಂಗ್ ರಿಂಗ್ ಕೆಲವೊಮ್ಮೆ ಪೋರ್ಟಿನೊಳಗೇ ಅಂಟಿಕೊಂಡು ಮಸಿಯ ಬಣ್ಣಕ್ಕೆ ತಿರುಗಿರುತ್ತದೆ. ಅದನ್ನು ತೆಗೆಯದೆ ಮೇಲೊಂದು ಹೊಸದು ಹಾಕಬೇಡಿ. ಮೊದಲು ಎಲ್ಲವನ್ನೂ ಸಡಿಲವಾಗಿ ಜೋಡಿಸಿ, ಹಿಂದಿನ ಬ್ರಾಕೆಟ್ ಬೋಲ್ಟುಗಳು ತಾವಾಗಿ ತೂತಿಗೆ ಕೂರುವಂತೆ ನೋಡಿಕೊಂಡು, ಆಮೇಲೆ ಹೆಡ್ಡಿನ ನಟ್ಟುಗಳನ್ನು ಎರಡೂ ಕಡೆ ಸ್ವಲ್ಪ ಸ್ವಲ್ಪವಾಗಿ ಬಿಗಿಮಾಡಿ. ಸುಮಾರು 10 ನ್ಯೂಟನ್ ಮೀಟರ್ ಸಾಕು. ಹಿಂದಿನ ಬ್ರಾಕೆಟ್ ಕೊನೆಗೆ. ಪೈಪನ್ನು ಎಳೆದು ಬಗ್ಗಿಸಿ ಕೂರಿಸಿದರೆ ಆ ಎಳೆತಕ್ಕೇ ಬೆಸುಗೆ ಬಿರಿಯುತ್ತದೆ.

ಸೋರಿಕೆ ನೋಡುವುದಕ್ಕೆ ಗಾಡಿ ಸ್ಟಾರ್ಟ್ ಮಾಡಬೇಕಿಲ್ಲ. ಸೈಲೆನ್ಸರಿನ ಹಿಂದಿನಿಂದ ಬ್ಲೋವರಿನಲ್ಲಿ ಗಾಳಿ ಊದಿ, ಉಳಿದ ತುದಿಗಳನ್ನು ಬಟ್ಟೆಯಿಂದ ಮುಚ್ಚಿ, ಕೂಡುಜಾಗಗಳಿಗೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ. ಥ್ರಾಟಲ್ ಬಿಟ್ಟಾಗ ಪಟಪಟ ಸಿಡಿಯುವುದು ಬಹಳ ಸಲ ಇಂಥ ಸೋರಿಕೆಯಿಂದಲೇ, ಅದಕ್ಕೆ ಜೆಟ್ ಬದಲಿಸುತ್ತಾ ಕೂರಬಾರದು. ಮೊದಲ ಓಟ ಮುಗಿಸಿ ಬಂದು ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ನೋಡಿ. ಹೊಸ ತಾಮ್ರದ ರಿಂಗ್ ಕಾದು ಕುಗ್ಗಿರುತ್ತದೆ, ಕಾಲು ಸುತ್ತು ಹಿಡಿದೇ ಹಿಡಿಯುತ್ತದೆ.